ರೊಟ್ಟಿ ಬಚ್ಚಿಡುವ ಹುಡುಗ, ಓಟದ ಮೈದಾನ

ಪ್ರಶ್ನೆ: ಐದು ತಿಂಗಳಿಂದ 12 ವರ್ಷದ ಹುಡುಗನೊಬ್ಬ ದತ್ತು ಅಲ್ಲದ ತಾತ್ಕಾಲಿಕ ಪೋಷಣೆಯಲ್ಲಿ, ಅಂದರೆ ಫಾಸ್ಟರ್ ಕೇರ್‌ನಲ್ಲಿ ನಮ್ಮ ಮನೆಯಲ್ಲಿದ್ದಾನೆ. ಮೊದಲು ರೈಲ್ವೆ ಸ್ಟೇಷನ್ನಿನಲ್ಲಿ, ಆಮೇಲೆ ಬಾಲಮಂದಿರದಲ್ಲಿ ಇದ್ದವನು. ಹಾಸಿಗೆ ಕೆಳಗೆ ರೊಟ್ಟಿ ಬಚ್ಚಿಡುತ್ತಾನೆ. ಓಟದಲ್ಲಿ ಬಲು ಚುರುಕು, ಸೋತರೆ ಮಾತ್ರ ಹೊಡೆದಾಟ. ಕ್ರೀಡಾ ಹಾಸ್ಟೆಲಿಗೆ ಸೇರಿಸಿ ಎನ್ನುತ್ತಾರೆ ಪಿಟಿ ಮಾಸ್ತರು. ಏನು ಮಾಡಲಿ?
ಓದುಗರೊಬ್ಬರು, ರಾಯಚೂರು

ಉತ್ತರ: ತಾಯಿ, ಮೊದಲು ರೊಟ್ಟಿಯ ಮಾತು. ಅದು ಕಳ್ಳತನವಲ್ಲ. ನಾಳೆ ಊಟ ಸಿಗುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲಿ ದಿನ ದೂಡಿದ ಮಕ್ಕಳು ಹೀಗೆ ಮಾಡುತ್ತಾರೆ. ಹಾಸಿಗೆ ಜಾಡಿಸಿ ಎಲ್ಲರೆದುರು ತೋರಿಸಬೇಡಿ. ಬಿಗಿ ಮುಚ್ಚಳದ ಡಬ್ಬಿಯೊಂದನ್ನು ಅವನದೇ ಎಂದು ಕೊಟ್ಟು, ಕಟಕ ರೊಟ್ಟಿ, ಶೇಂಗಾ ಉಂಡಿ, ಪುಟಾಣಿ ತುಂಬಿಡಿ. ಖಾಲಿಯಾದರೆ ಏನೂ ಕೇಳದೆ ಮತ್ತೆ ತುಂಬಿ. ಡಬ್ಬಿಯಲ್ಲಿ ಉಂಡಿ ಉಳಿಯತೊಡಗಿದಾಗ ಅಂಜಿಕೆ ಇಳಿಯುತ್ತಿದೆ ಎಂದು ತಿಳಿಯಿರಿ.

ಹಾಸ್ಟೆಲ್ ಈಗ ಬೇಡ. ಸ್ಟೇಷನ್, ಬಾಲಮಂದಿರ, ನಿಮ್ಮ ಮನೆ, ಮೂರು ತಾವು ಕಂಡಿದ್ದಾನೆ. ನಾಲ್ಕನೆಯದಕ್ಕೆ ಕಳಿಸಿದರೆ ‘ಇವರೂ ಕೈಬಿಟ್ಟರು’ ಅಂದುಕೊಳ್ಳುತ್ತಾನೆ. ಮುಂದೆ ಕಳಿಸುವುದಾದರೂ ಇಂಥ ಮಕ್ಕಳ ಹೊಣೆ ನೋಡುವ ಮಕ್ಕಳ ಕಲ್ಯಾಣ ಸಮಿತಿಯ ಒಪ್ಪಿಗೆ ಬೇಕು. ಒಂದು ವರ್ಷ ಮನೆಯಿಂದಲೇ ಓಡಲಿ.

ಮಾಸ್ತರನ್ನು ಒಂದೇ ಮಾತು ಕೇಳಿ: ವಾರಕ್ಕೆ ಮೂರು ದಿನ, ಅದೇ ಹೊತ್ತಿಗೆ, ವರ್ಷಪೂರ್ತಿ ತಾವೇ ಬರುತ್ತೀರಾ? ಬರಲಾಗದ ದಿನ ಮುಂಚೆಯೇ ಹುಡುಗನಿಗೆ ಹೇಳಬೇಕು. ಮೂರು ವಾರ ಬಂದು ಮಾಯವಾಗುವವರಿಂದ ಇಂಥ ಮಗುವಿಗೆ ಆಗುವ ಪೆಟ್ಟು ದೊಡ್ಡದು.

ನಮ್ಮ ಬಿಸಿಲಿಗೆ ಬೆಳಿಗ್ಗೆ ಆರರಿಂದ ಏಳು ಸರಿಯಾದ ಹೊತ್ತು. ಅರ್ಧ ಗಂಟೆ ಮುಂಚೆ ಬಾಳೆಹಣ್ಣು, ನೀರು. ಹತ್ತು ನಿಮಿಷ ನಿಧಾನ ಓಟ, ಆಮೇಲೆ 60 ಮೀಟರಿನ ಆರು ಓಟ, ಪ್ರತಿ ಓಟದ ನಡುವೆ ಮೂರು ನಿಮಿಷ ಬಿಡುವು. ಬೂಟಿನ ತುದಿಯಲ್ಲಿ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಮೊದಲ ಎರಡು ತಿಂಗಳು ಪಂದ್ಯ ಬೇಡ. ಅವನ ಸಮಯವನ್ನು ಅವನೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ, ತನ್ನ ನಿನ್ನೆಯ ಓಟದೊಂದಿಗೇ ಪೈಪೋಟಿ ಮಾಡಲಿ. ಯಾರ ಮೇಲಾದರೂ ಕೈ ಎತ್ತಿದರೆ ಅಂದಿನ ಓಟ ನಿಲ್ಲಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ನಾಳೆಯಿಂದ ಮೈದಾನವೇ ಇಲ್ಲ’ ಎಂದು ಮಾತ್ರ ಹೆದರಿಸಬೇಡಿ. ಶಾಲೆಯಲ್ಲಿ ಕಡಿಮೆ ಅಂಕ ಬಂದಾಗಲೂ ಈ ಬೆದರಿಕೆ ಬೇಡ.

ವಯಸ್ಸಿನ ದಾಖಲೆ ಈಗಲೇ ನೋಡಿಕೊಳ್ಳಿ. ವಯೋಮಿತಿಯ ಕ್ರೀಡಾಕೂಟಗಳಲ್ಲಿ ಬಹಳ ಮಕ್ಕಳು ಎಡವುವುದು ಇಲ್ಲೇ. 2015ರ ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ, ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪತ್ರ. ಎರಡೂ ಇಲ್ಲದಿದ್ದರಷ್ಟೇ ಸಮಿತಿಯ ಆದೇಶದಂತೆ ಮೂಳೆ ಪರೀಕ್ಷೆ. ಆದೇಶವಾದ 15 ದಿನದೊಳಗೆ ಅದು ಮುಗಿಯಬೇಕು.

ಗೆದ್ದ ದಿನ ‘ಸ್ಟೇಷನ್ ಹುಡುಗನ ಚಿನ್ನ’ ಎಂದು ಹೆಸರು, ಫೋಟೊ ಸಮೇತ ಪತ್ರಿಕೆಗೆ ಕೊಡಲು ಯಾರಾದರೂ ಮುಂದಾಗಬಹುದು. ಅದೇ ಕಾಯ್ದೆಯ 74ನೇ ಸೆಕ್ಷನ್ ಇದನ್ನು ನಿಷೇಧಿಸಿದೆ. ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಾಸ್ತರಿಗೂ ಶಾಲೆಗೂ ಈ ಮಾತನ್ನು ಮೊದಲೇ ಹೇಳಿಡಿ.