ಸಿ ಭಾಷೆಯಲ್ಲಿ ಪಾತ್ ಒಡೆಯುವಾಗ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ್ದಕ್ಕೆ ಆಗುವ ಕ್ರ್ಯಾಶ್) ಏಕೆ?

ಚಾರ್ ಪಾಯಿಂಟರ್‌ಗೆ "/ಹೋಮ್/ರವಿ/ನೋಟ್ಸ್" ಎಂದು ನೇರವಾಗಿ ಕೊಟ್ಟು, ಸ್ಟ್ರಿಂಗನ್ನು ತುಂಡು ಮಾಡುವ ಸ್ಟ್ರ್‌ಟಾಕ್ (strtok) ಕರೆದಿದ್ದೀರಿ, ಅದೇ ತೊಂದರೆ. ಸ್ಟ್ರ್‌ಟಾಕ್ ತುಂಡಿನ ಕೊನೆಗಿರುವ ಸ್ಲ್ಯಾಷ್ ಅಳಿಸಿ ಅಲ್ಲಿ ಸ್ಟ್ರಿಂಗ್ ಮುಗಿಯಿತೆಂದು ಸೂಚಿಸುವ '\0' ಬರೆಯುತ್ತದೆ. ಸ್ಟ್ರಿಂಗ್ ಲಿಟರಲ್ (ಕೋಡ್‌ನಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಬರೆದ ಪಠ್ಯ) ಇರುವುದೋ ಸಾಮಾನ್ಯವಾಗಿ ಓದಲು ಮಾತ್ರ ಬಿಡುವ ಮೆಮೊರಿಯಲ್ಲಿ, ಅಲ್ಲಿ ಬರೆಯಹೋದರೆ ಕ್ರ್ಯಾಶ್. ಪಾಯಿಂಟರ್ ಬದಲು ಚಾರ್ ಅರೇ ಮಾಡಿ, ಇಲ್ಲವೇ ಸ್ಟ್ರ್‌ಡಪ್‌ನಿಂದ (strdup) ನಕಲು ಮಾಡಿಕೊಂಡು ಅದನ್ನು ಒಡೆಯಿರಿ. ಆ ನಕಲಿನ ಮೆಮೊರಿಯನ್ನು ಫ್ರೀ (ಬಿಡುಗಡೆ) ಮಾಡುವಾಗ ಸ್ಟ್ರ್‌ಡಪ್ ಕೊಟ್ಟ ಪಾಯಿಂಟರನ್ನೇ ಕೊಡಿ. ಮೊದಲ ಸ್ಲ್ಯಾಷ್ ಬಿಟ್ಟುಹೋಗುವುದರಿಂದ ಮೊದಲ ಟೋಕನ್ (ತುಂಡು) ಆ ಪಾಯಿಂಟರ್‌ಗಿಂತ 1 ಬೈಟ್ ಮುಂದಿರುತ್ತದೆ. ಅದನ್ನು ಫ್ರೀ ಮಾಡಿದರೆ ಇನ್ನೊಂದು ಕ್ರ್ಯಾಶ್.

ಕಡತದ ಹೆಸರಷ್ಟೇ ಸಾಕೆಂದರೆ ಇಷ್ಟು ರಗಳೆಯೇ ಬೇಡ. ಸ್ಟ್ರ್‌ಆರ್‌ಸಿಎಚ್‌ಆರ್ (strrchr) ಕೊನೆಯ ಸ್ಲ್ಯಾಷ್ ತೋರಿಸುತ್ತದೆ, ಅದಕ್ಕೆ 1 ಕೂಡಿಸಿದಲ್ಲಿಂದ ಹೆಸರು ಶುರು. ನಲ್ (NULL, ಏನನ್ನೂ ತೋರಿಸದ ಪಾಯಿಂಟರ್) ಬಂದರೆ ಸ್ಲ್ಯಾಷೇ ಇಲ್ಲ, ಇಡೀ ಸ್ಟ್ರಿಂಗೇ ಹೆಸರು. ಈ ಪರೀಕ್ಷೆ ಮರೆಯಬೇಡಿ.