ಅರ್ಧ ಬೆಲೆಗೆ ಟ್ರ್ಯಾಕ್ ಟೈರು ತಗೊಂಡು ಬಿದ್ದವನ ಉತ್ತರ

600 ಸಿಸಿ ಸ್ಪೋರ್ಟ್ ಬೈಕು, ಹಿಂದಿನ ಟೈರು ಬೋಳಾಗಿದೆ, ಕೈಯಲ್ಲಿ ದುಡ್ಡು ಕಮ್ಮಿ. ಒಂದೇ ದಿನ ರೇಸ್ ಟ್ರ್ಯಾಕಿನಲ್ಲಿ ಓಡಿದ ಸಾಫ್ಟ್ (ಮೆತ್ತನೆ ರಬ್ಬರಿನ) ಟೈರು ಅರ್ಧ ಬೆಲೆಗೆ ಸಿಗ್ತಿದೆ. ಅದನ್ನ ತಗೊಳ್ಳೋದಾ, ಇಲ್ಲ ಹೆಸರೇ ಕೇಳಿರದ ಕಂಪನಿಯ ಹೊಸ ಟೈರಾ ಅಂತ ಕೇಳಿದ್ದೀರಿ. ಓದುತ್ತಲೇ ನಗು ಬಂತು. ಆರು ವರ್ಷದ ಹಿಂದೆ ನಾನೂ ಇದೇ ಯೋಚನೆಯಲ್ಲಿದ್ದೆ. ನೀವು ಕೇಳುತ್ತಿದ್ದೀರಿ, ನಾನು ಯಾರನ್ನೂ ಕೇಳಲಿಲ್ಲ.

ಪರಿಚಯದವರೊಬ್ಬರು ಆಗಾಗ ಟ್ರ್ಯಾಕಿಗೆ ಹೋಗಿ ಬರುತ್ತಿದ್ದರು. ಅವರು ಬಿಚ್ಚಿಟ್ಟಿದ್ದ 180/55 ಅಳತೆಯ ಹಿಂದಿನ ಟೈರು ಅದು. ಅಂಚಿನ ಉದ್ದಕ್ಕೂ ರಬ್ಬರು ಕರಗಿ ಸಾಸಿವೆಯಷ್ಟು ದಪ್ಪದ ಉಂಡೆಗಳಾಗಿ ಅಂಟಿಕೊಂಡಿತ್ತು. ನಾನು ಅದನ್ನ ನೋಡಿಯೇ ಮರುಳಾದೆ. ಇಷ್ಟು ಮೆತ್ತಗಿರೋ ರಬ್ಬರು ರಸ್ತೆಗೆ ಅಂಟಿಕೊಂಡೇ ಓಡುತ್ತೆ ಅಂದುಕೊಂಡೆ. ಪಕ್ಕದಲ್ಲಿ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡದ ಗುರುತು) ಅಚ್ಚೂ ಇತ್ತು, ಅಂದರೆ ರಸ್ತೆಗೂ ಆಗುತ್ತೆ ಅನ್ನೋ ಧೈರ್ಯ. ಕೊಟ್ಟವರು ಮೋಸ ಮಾಡಲಿಲ್ಲ. "ಬಿಸಿ ಆಗೋವರೆಗೂ ಹುಷಾರು" ಅಂತ ಎರಡು ಸಲ ಹೇಳಿದರು. ನಾನು ಎರಡು ಸಲವೂ ತಲೆ ಆಡಿಸಿದೆ.

ಹಾಕಿಸಿದ ಮಾರನೇ ದಿನ, ಬೆಳಗ್ಗೆ ಆರೂವರೆ. ಚಳಿ. ರಸ್ತೆ ಒಣಗಿತ್ತು. ಮರಳಿರಲಿಲ್ಲ, ಎಣ್ಣೆ ಚೆಲ್ಲಿರಲಿಲ್ಲ. ಗಾಳಿ ಹಿಂದಿನ ಸಂಜೆಯೇ ಸರಿ ಮಾಡಿಸಿದ್ದೆ. ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಆಮೇಲೆ ಎಷ್ಟು ಹುಡುಕಿದರೂ ತಪ್ಪು ಹೊರಿಸೋಕೆ ನನಗೆ ಬೇರೆ ಏನೂ ಸಿಗಲಿಲ್ಲ. ಟೈರು ಬಿಸಿಯಾಗಲಿ ಅಂತ ಟೀವಿಯಲ್ಲಿ ನೋಡಿದ ಹಾಗೆ ಬೈಕನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ ಹೋದೆ. (ಅದು ರೇಸ್ ಕಾರಿನವರ ಅಭ್ಯಾಸ. ಬೈಕಿನಲ್ಲಿ ನೆಟ್ಟಗೆ ಹೋಗುತ್ತಾ ಜೋರಾಗಿ ಆಕ್ಸಿಲರೇಟರ್ ಎಳೆದು, ಜೋರಾಗಿ ಬ್ರೇಕ್ ಹಿಡಿದರೆ ಟೈರು ಬಿಸಿಯಾಗುತ್ತೆ. ಹಾವಿನ ಥರ ಹೋದರೆ ಸುಮ್ನೆ ನೋಡೋರಿಗೆ ಮಜಾ.)

ಮೂರನೇ ನಿಮಿಷಕ್ಕೆ ಒಂದು ಎಡ ತಿರುವು. 30ರ ವೇಗ ಇತ್ತೇನೋ. ತಿರುವು ಮುಗಿಯುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟೆ, ದಿನಾ ಕೊಡುವಷ್ಟೇ. ಹಿಂದಿನ ಚಕ್ರ ಸದ್ದೇ ಮಾಡದೆ ಪಕ್ಕಕ್ಕೆ ಸರಿದುಹೋಯಿತು. ಏನಾಯಿತು ಅಂತ ಗೊತ್ತಾಗುವಷ್ಟರಲ್ಲಿ ನಾನು ನೆಲದ ಮೇಲಿದ್ದೆ, ಬೈಕು ನನಗಿಂತ ಸ್ವಲ್ಪ ಮುಂದೆ ಮಲಗಿತ್ತು. ಎಡಗಡೆಯ ಫೇರಿಂಗ್ (ಬೈಕಿನ ಹೊರಕವಚ) ಸೀಳಿತ್ತು, ಕ್ಲಚ್ ಲಿವರ್ ಮುರಿದಿತ್ತು, ಗೇರ್ ಲಿವರ್ ಒಳಕ್ಕೆ ಮಡಚಿಕೊಂಡಿತ್ತು. ಗ್ಲೌಸ್ ತೆಗೆದು ಟೈರಿನ ಮೇಲೆ ಅಂಗೈ ಇಟ್ಟು ನೋಡಿದೆ. ಕಲ್ಲಿನ ಹಾಗೆ ತಣ್ಣಗಿತ್ತು. ಟೈರಿನಲ್ಲಿ ಉಳಿಸಿದ ದುಡ್ಡಿನ ಮೂರರಷ್ಟು ರಿಪೇರಿಗೆ ಹೋಯಿತು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ.

ನಾನು ಮಾಡಿದ ತಪ್ಪನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ದೊಡ್ಡ ತಪ್ಪಲ್ಲ. "ಮೆತ್ತಗಿದ್ದರೆ ಗ್ರಿಪ್ ಜಾಸ್ತಿ" ಅಂತ ನಂಬಿದ್ದು ತಪ್ಪು. ರಬ್ಬರು ಹಿಡಿಯೋದು ತನಗೆ ಬೇಕಾದ ಬಿಸಿಯಲ್ಲಿದ್ದಾಗ ಮಾತ್ರ. ಟ್ರ್ಯಾಕ್ ಟೈರನ್ನು ಸುತ್ತಿನ ಮೇಲೆ ಸುತ್ತು ಕಾದೇ ಇರಲಿ ಅಂತ ಮಾಡಿರುತ್ತಾರೆ. ಪ್ರತಿ ತಿರುವಿಗೂ ಜೋರು ಬ್ರೇಕು, ಪೂರ್ತಿ ವಾಲುವಿಕೆ, ಪೂರ್ತಿ ಎಳೆತ. ಅದೂ ಸಾಲದು ಅಂತ ಟ್ರ್ಯಾಕಿಗೆ ಇಳಿಯುವ ಮುಂಚೆಯೇ ವಾರ್ಮರ್ (ಕರೆಂಟಿನಿಂದ ಕಾಯುವ ಹೊದಿಕೆ) ಸುತ್ತಿ 80 ಡಿಗ್ರಿ ಆಸುಪಾಸಿಗೆ ಕಾಯಿಸುತ್ತಾರೆ. ನಾನು ಆಫೀಸಿಗೆ ಹೋಗುತ್ತಾ, ಸಿಗ್ನಲ್ಲಿನಲ್ಲಿ ನಿಲ್ಲುತ್ತಾ ಆ ಬಿಸಿ ತರಲು ಸಾಧ್ಯವೇ ಇರಲಿಲ್ಲ. ತಣ್ಣಗಿದ್ದಾಗ ನನ್ನ ಹಳೇ ಸವೆದ ಟೈರೇ ಅದಕ್ಕಿಂತ ವಾಸಿ ಇತ್ತು ಅನ್ನಿಸುತ್ತೆ.

ಇನ್ನೊಂದು, ಟೈರು ಅಷ್ಟು ಬಿಸಿಯಾಗಿ ತಣ್ಣಗಾದಾಗೆಲ್ಲ ರಬ್ಬರು ಸ್ವಲ್ಪ ಸ್ವಲ್ಪ ಗಡಸಾಗುತ್ತೆ. "ಒಂದೇ ದಿನ ಓಡಿದ್ದು" ಅಂತಾರೆ. ಟ್ರ್ಯಾಕಿನಲ್ಲಿ ಒಂದು ದಿನ ಅಂದರೆ ಬಿಟ್ಟು ಬಿಟ್ಟು ಐದಾರು ಸಲ ಕಾದು ಆರಿದ್ದು. ನಾನು ನೋಡಿ ಮೆಚ್ಚಿದ ಆ ಉಂಡೆಗಳು ಉಳಿದಿರೋ ಗ್ರಿಪ್ಪಿನ ಗುರುತಲ್ಲ, ಖರ್ಚಾಗಿಹೋದ ಗ್ರಿಪ್ಪಿನ ಗುರುತು.

ನನ್ನಂಥ ಹವ್ಯಾಸಿಗೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡ್ ಟ್ರ್ಯಾಕಿನಲ್ಲಿ 12 ತಿರುವುಗಳಲ್ಲಿ 7 ಎಡಕ್ಕೆ, 5 ಬಲಕ್ಕೆ. ಸಮುದ್ರದ ತಣ್ಣನೆ ಗಾಳಿ ಬೇರೆ. ಎಡದ ಅಂಚು ಕಾದಿದ್ದರೂ ಬಲದ ಅಂಚು ಆರಿಹೋಗುತ್ತೆ. ಮೋಟೋಜಿಪಿ (ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್) ಸವಾರರೇ ಅಲ್ಲಿ ಬಲ ತಿರುವಿಗೆ ವಾಲಿಸಿ ಬಿದ್ದಿದ್ದಾರೆ. ಒಂದೇ ಟೈರಿನ ಎರಡು ಅಂಚಿಗೂ ಬೇರೆ ಬೇರೆ ರಬ್ಬರು ಹಾಕಿ ಕೊಡುತ್ತಾರೆ ಅಂದರೆ ಬಿಸಿಯ ಲೆಕ್ಕ ಎಷ್ಟು ಸೂಕ್ಷ್ಮ ನೋಡಿ.

ಜಿಪುಣತನ ಬಿಡಲಿಲ್ಲ, ರಿಪೇರಿ ಆದಮೇಲೂ ಅದೇ ಟೈರಿನಲ್ಲಿ ಓಡಾಡಿದೆ. 1,800 ಕಿ.ಮೀ.ಗೆ ನಡುಭಾಗ ಚಪ್ಪಟೆಯಾಯಿತು. ಆಮೇಲೆ ಹಾಕಿಸಿದ ಸ್ಪೋರ್ಟ್ ಟೂರಿಂಗ್ ಟೈರು (ದಿನದ ರಸ್ತೆಗೂ ದೂರದ ಓಡಾಟಕ್ಕೂ ಮಾಡಿದ್ದು) 9,000 ಕಿ.ಮೀ. ಬಂತು. ಅಂದರೆ ಟ್ರ್ಯಾಕ್ ಟೈರಿಗೆ ಇದರ ಅರ್ಧ ದುಡ್ಡು ಕೊಟ್ಟು, ಇದರ ಐದನೇ ಒಂದು ಭಾಗ ದೂರ ಮಾತ್ರ ಓಡಿಸಿದ್ದೆ. ಕಿಲೋಮೀಟರಿಗೆ ಎಷ್ಟು ಬಿತ್ತು ಅಂತ ನೋಡಿದರೆ, ಅಗ್ಗದ್ದು ಅಂತ ತಗೊಂಡಿದ್ದು ಎರಡೂವರೆ ಪಟ್ಟು ದುಬಾರಿ. ಬಿದ್ದ ಖರ್ಚು ಇದರಲ್ಲಿ ಸೇರಿಲ್ಲ.

ಹಾಗಾಗಿ ನೀವು ಕೊಟ್ಟ ಎರಡು ಆಯ್ಕೆಗಳನ್ನೂ ನಾನು ಒಪ್ಪಲ್ಲ. ಸ್ಪೋರ್ಟ್ ಬೈಕಿಗೆ ಸ್ಪೋರ್ಟ್ ಟೈರೇ ಬೇಕು ಅನ್ನೋದೇ ಸುಳ್ಳು. ದಿನಾ ಆಫೀಸು, ಭಾನುವಾರ ಒಂದು ರೈಡು ಅಂತ ನೀವೇ ಬರೆದಿದ್ದೀರಿ. ಹೆಸರಿರೋ ಕಂಪನಿಯ ಸ್ಪೋರ್ಟ್ ಟೂರಿಂಗ್ ಟೈರು ತಗೊಳ್ಳಿ. ಮಿಶೆಲಿನ್ ರೋಡ್, ಪಿರೆಲ್ಲಿ ಏಂಜಲ್, ಮೆಟ್ಜೆಲರ್ ರೋಡ್‌ಟೆಕ್, ಬ್ರಿಡ್ಜ್‌ಸ್ಟೋನ್‌ನ ಟಿ ಸರಣಿ ಎಲ್ಲ ಈ ಜಾತಿಯವೇ. ಇಂಥ ಹಿಂದಿನ ಟೈರುಗಳಲ್ಲಿ ಸಾಮಾನ್ಯವಾಗಿ ನಡುವೆ ಗಟ್ಟಿ ರಬ್ಬರು, ಅಂಚಿನಲ್ಲಿ ಮೆತ್ತನೆಯದು. ತಣ್ಣಗಿದ್ದರೂ ಹಿಡಿಯುತ್ತೆ, ಮಳೆಯಲ್ಲೂ ಹಿಡಿಯುತ್ತೆ.

ದುಡ್ಡು ಉಳಿಸೋ ದಾರಿ ಬೇರೆ ಇದೆ. ಹೊಸ ಮಾಡೆಲ್ ಬಂದ ತಕ್ಷಣ ಹಿಂದಿನದರ ಬೆಲೆ ಇಳಿಯುತ್ತೆ. ಮಿಶೆಲಿನ್‌ನ ರೋಡ್ 5 ಬಂದಿದ್ದು 2018ರಲ್ಲಿ, ರೋಡ್ 6 ಬಂದಿದ್ದು 2022ರಲ್ಲಿ. 6 ಬಂತು ಅಂತ 5 ರಾತ್ರೋರಾತ್ರಿ ಕೆಟ್ಟುಹೋಗಲಿಲ್ಲ, ಅಲ್ವಾ? ನಾನು ಈಗ ಯಾವಾಗಲೂ ಒಂದು ಹೆಜ್ಜೆ ಹಿಂದಿನದನ್ನೇ ತಗೊಳ್ಳೋದು. ಆದರೆ ಪಕ್ಕದಲ್ಲಿರೋ ನಾಲ್ಕು ಅಂಕಿ ನೋಡದೆ ದುಡ್ಡು ಕೊಡಬೇಡಿ. 3522 ಅಂತಿದ್ದರೆ 2022ನೇ ಇಸವಿಯ 35ನೇ ವಾರ ಮಾಡಿದ್ದು ಅಂತ ಅರ್ಥ. ಹಳೇ ಸ್ಟಾಕಿಗೂ ಹಳೇ ಮಾಡೆಲ್ಲಿಗೂ ವ್ಯತ್ಯಾಸ ಇದೆ.

ಹೆಸರು ಕೇಳಿರದ ಹೊಸ ಟೈರು ಟ್ರ್ಯಾಕ್ ಟೈರಿನಷ್ಟು ಕೆಟ್ಟದ್ದಲ್ಲ, ನನ್ನ ಪ್ರಕಾರ. ಅದನ್ನೇ ತಗೊಳ್ಳಬೇಕಾಗಿ ಬಂದರೆ ಅಳತೆಯ ಪಕ್ಕದ ಅಕ್ಷರ ನೋಡಿ. ಎಚ್ ಅಂದರೆ ಗಂಟೆಗೆ 210 ಕಿ.ಮೀ.ವರೆಗೆ, ವಿ 240, ಡಬ್ಲ್ಯೂ 270. ನಿಮ್ಮ ಬೈಕಿನ ಪುಸ್ತಕದಲ್ಲಿ ಏನಿದೆಯೋ ಅದಕ್ಕಿಂತ ಕೆಳಗಿನದು ಬೇಡ. "ನಾನು ಅಷ್ಟು ಸ್ಪೀಡ್ ಹೋಗಲ್ಲ" ಅನ್ನೋ ವಾದವೂ ಬೇಡ. ಅಳತೆಯೂ ಪುಸ್ತಕದಲ್ಲಿ ಇರುವುದೇ ಆಗಲಿ, ಅಗಲ ಮಾಡೋಕೆ ಹೋಗಬೇಡಿ.

ಮುಂದಿನ ಟೈರಿನ ಗ್ರೂವ್ (ಮೈಮೇಲಿನ ಕಾಲುವೆಯಂಥ ಗೆರೆ) ಒಳಗೆ ಸಣ್ಣ ದಿಬ್ಬದ ಥರ ಸವೆತದ ಗುರುತು ಇರುತ್ತೆ. ರಬ್ಬರು ಇನ್ನೂ ಅದರಿಂದ ದೂರ ಇದ್ದು, ಎಲ್ಲೂ ಬಿರುಕು ಬಿಟ್ಟಿಲ್ಲ ಅಂದರೆ, ಸದ್ಯಕ್ಕೆ ಹಿಂದಿನದೊಂದನ್ನೇ ಹಾಕಿಸಿ. ಮುಂದಿನದು ರೇಡಿಯಲ್ (ಒಳಗಿನ ದಾರಗಳು ಒಂದಂಚಿನಿಂದ ಇನ್ನೊಂದಂಚಿಗೆ ನೇರ ಹೋಗುವ ಬಗೆ) ಆಗಿದ್ದರೆ ಹಿಂದಿನದೂ ರೇಡಿಯಲ್ಲೇ ಇರಲಿ. ಹಾಕಿಸಿದ ಮೇಲೆ ಮೊದಲ 150–200 ಕಿ.ಮೀ. ಮೆಲ್ಲಗೆ ಓಡಿಸಿ, ಹೊಸ ಟೈರಿನ ಮೈ ನುಣುಪಾಗಿರುತ್ತೆ. ಆ ಅರ್ಧ ಬೆಲೆಯವರಿಗೆ ಇವತ್ತೇ ಫೋನ್ ಮಾಡಿ ಬೇಡ ಅಂತ ಹೇಳಿಬಿಡಿ, ನಾಳೆ ಮನಸ್ಸು ಬದಲಾಗುವ ಮುಂಚೆ.