ಹಿತ್ತಲಿನ ಹಲಸಿನ ಮರ ಕಡಿಸಿ ಬಾಗಿಲು, ಕಿಟಕಿ ಮಾಡಿಸಬೇಕು. ಹಲಗೆ ಸೀಳದಂತೆ, ಕುಟ್ಟೆ ಹಿಡಿಯದಂತೆ ಏನು ಮಾಡಬೇಕು?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇವೆ: ಹಲಗೆ ಸೀಳದಂತೆ ನೋಡಿಕೊಳ್ಳುವುದು, ಕುಟ್ಟೆ, ಅಂದರೆ ಮರ ಕೊರೆದು ಹುಡಿ ಮಾಡುವ ಹುಳ, ಹಿಡಿಯದಂತೆ ನೋಡಿಕೊಳ್ಳುವುದು. ಜೊತೆಗೆ ಕೊಂಬೆಗಳ ಸೌದೆಯ ಬಗ್ಗೆಯೂ ಕೇಳಿದ್ದೀರಿ. ನೀವು ಬರೆದಂತೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನಿಮ್ಮ ಮನೆ ಹಿತ್ತಲಲ್ಲಿ ಒಂದು ದೊಡ್ಡ ಹಲಸು, ತೋಟದ ಅಂಚಿಗೆ ನಾಲ್ಕಾರು ಸಿಲ್ವರ್ ಓಕ್ ಇವೆ. ಪಕ್ಕದ ಮನೆಯವರು ಹೀಗೇ ಕಡಿಸಿದ ಮರದ ಹಲಗೆ ಒಂದೇ ವರ್ಷದಲ್ಲಿ ತುದಿ ಸೀಳಿ, ಹುಡಿ ಉದುರಿಸತೊಡಗಿತು. ಅದಕ್ಕೆ ಕಾರಣ ಮರದ ಜಾತಿಯಲ್ಲ. ಮನೆಬಳಕೆಗೆ ಹಲಸಿನಷ್ಟು ಸಾಧು ಮರ ಕಡಿಮೆ. ಮರ ಕೆಡುವುದು ಕಡಿದ ದಿನಕ್ಕೂ ಹಲಗೆಯನ್ನು ಒಣಗಲು ಪೇರಿಸಿ ಅಟ್ಟಿ ಹಾಕಿದ ದಿನಕ್ಕೂ ನಡುವೆ. ಆ ಅವಧಿಯಲ್ಲಿ ಎಷ್ಟು ಚುರುಕಾಗಿರುತ್ತೀರೋ ಅಷ್ಟು ಒಳ್ಳೆಯದು. ಅಟ್ಟಿ ಹಾಕಿದ ಮೇಲೆ ಮಾತ್ರ ಅವಸರ ಬೇಡ.

ಮೊದಲು ಕಾಗದದ ಕೆಲಸ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಜಮೀನಿನ ಮರಕ್ಕೂ ಅನ್ವಯಿಸುತ್ತದೆ. ಸಿಲ್ವರ್ ಓಕ್, ನೀಲಗಿರಿ, ತೆಂಗು, ರಬ್ಬರ್‌ನಂಥ ಕೆಲವಕ್ಕೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ಹಲಸಿಗೆ ಪಹಣಿ ಹಿಡಿದುಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿಯೇ ಮುಂದುವರಿಯಿರಿ. ದಿಮ್ಮಿ ಮಿಲ್ಲಿಗೆ ಸಾಗಿಸಲು ಬೇಕಾದ ಪರವಾನಗಿಯನ್ನೂ ಅಲ್ಲೇ ವಿಚಾರಿಸಿ. ಮರ ಬಿದ್ದ ಮೇಲೆ ಕಾಗದಕ್ಕೆ ಓಡಾಡುತ್ತ ಕೂತರೆ ದಿಮ್ಮಿ ಬಿಸಿಲಿಗೆ ಸೀಳುತ್ತಿರುತ್ತದೆ, ಆದ್ದರಿಂದಲೇ ಇದನ್ನು ಮೊದಲು ಹೇಳಿದೆ.

ಕಡಿಯುವ ಕಾಲ ಡಿಸೆಂಬರ್ ಕೊನೆಯಿಂದ ಜನವರಿ. ಅಮಾವಾಸ್ಯೆ ಹತ್ತಿರ ಕಡಿದರೆ ಕುಟ್ಟೆ ಬರುವುದಿಲ್ಲ ಎಂಬ ಮಾತು ನಮ್ಮಲ್ಲಿದೆ. ನಂಬುವವರು ಆ ದಿನವನ್ನೇ ಹಿಡಿಯಲಿ, ನಷ್ಟವೇನಿಲ್ಲ. ಆದರೆ ಅದೊಂದನ್ನೇ ನಂಬಿ ಮುಂದಿನ ಕೆಲಸ ಬಿಟ್ಟರೆ ಹುಳ ಬಂದೇ ಬರುತ್ತದೆ. ಜನವರಿ ಎನ್ನುವುದಕ್ಕೆ ನನ್ನ ಕಾರಣ ಬೇರೆ: ಫೆಬ್ರವರಿಯಿಂದ ಮೇವರೆಗಿನ ನಾಲ್ಕು ಒಣ ತಿಂಗಳು ಹಲಗೆಗೆ ಸಿಗಬೇಕು. ಏಪ್ರಿಲಿನಲ್ಲಿ ಕಡಿದರೆ ಹಸಿ ಹಲಗೆಯ ಮೇಲೇ ಮಳೆಗಾಲ ಬಂದು ಕೂರುತ್ತದೆ, ಬೂಸು ಹಿಡಿಯುತ್ತದೆ. ಕಷ್ಟವೇನೆಂದರೆ ಅಡಿಕೆ ಕೊಯ್ಲೂ ಆಗಲೇ ನಡೆಯುತ್ತಿರುತ್ತದೆ. ಆಳು ಸಿಗುವುದಿಲ್ಲ, ಅಂಗಳ ಖಾಲಿ ಇರುವುದಿಲ್ಲ. ಮರ ಕೊಯ್ಯುವವರಿಗೆ ತಿಂಗಳ ಮೊದಲೇ ಹೇಳಿ, ಅಟ್ಟಿ ಹಾಕುವ ಜಾಗವನ್ನೂ ಆಗಲೇ ಗುರುತು ಮಾಡಿ.

ಅದಕ್ಕೂ ಮೊದಲು ಆಚಾರಿಯನ್ನು ಕರೆಸಿ ಪಟ್ಟಿ ಬರೆಸಿ. ಏನು ಬೇಕೆಂದು ಗೊತ್ತಿಲ್ಲದೆ ಮರ ತುಂಡು ಮಾಡಿಸುವುದೇ ದೊಡ್ಡ ನಷ್ಟ. ಏಳು ಅಡಿ ದಾರಂದ (ಬಾಗಿಲ ಚೌಕಟ್ಟು) ಬೇಕಾದಲ್ಲಿ ಆರೂವರೆ ಅಡಿಗೆ ತುಂಡು ಹಾಕಿದರೆ ಆ ದಿಮ್ಮಿ ಕಿಟಕಿಗೇ ಸರಿ. ಬೇಕಾದ ಉದ್ದಕ್ಕಿಂತ ಅರ್ಧ ಅಡಿ ಹೆಚ್ಚಿಡಿ, ತುದಿ ಸೀಳಿದರೆ ಕತ್ತರಿಸಿ ಎಸೆಯಲು. ದಪ್ಪದಲ್ಲೂ ಹೀಗೇ. ಕೀಸುಳಿ ಹೊಡೆದ ಮೇಲೆ 1 ಇಂಚು ಉಳಿಯಬೇಕಿದ್ದರೆ ಒಂದೂಕಾಲು ಇಂಚಿಗೆ ಕೊಯ್ಯಿಸಿ. ಅಂದಾಜಿಗೆ ಒಂದು ದಾರಂದದ ಲೆಕ್ಕ: 5 ಇಂಚು 3 ಇಂಚಿನ ಮರ, ನಿಲುವು ಎರಡು ಏಳಡಿ, ಮೇಲಿನ ಅಡ್ಡ ಮತ್ತು ಹೊಸ್ತಿಲು ನಾಲ್ಕು ನಾಲ್ಕು ಅಡಿ, ಒಟ್ಟು 22 ಅಡಿ. 5×3×22 ಅನ್ನು 144ರಿಂದ ಭಾಗಿಸಿದರೆ ಸುಮಾರು 2.3 ಘನ ಅಡಿ. ದಿಮ್ಮಿಯ ಅಳತೆಗೆ ನಮ್ಮಲ್ಲಿ ಬಳಸುವುದು ಕಾಲು ಸುತ್ತಳತೆಯ ಲೆಕ್ಕ. ದಿಮ್ಮಿಯ ನಡುವೆ ತೊಗಟೆ ಬಿಟ್ಟು ಸುತ್ತಳತೆ ತೆಗೆದು, ಅದರ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸುವುದು. ಸುತ್ತಳತೆ 48 ಇಂಚು, ಉದ್ದ 10 ಅಡಿ ಇದ್ದರೆ 12×12×10÷144, ಅಂದರೆ 10 ಘನ ಅಡಿ. ನಿಜವಾದ ಗಾತ್ರ 12.7 ಘನ ಅಡಿಯ ಹತ್ತಿರ ಇರುತ್ತದೆ. ಕೊಯ್ಯುವಾಗ ಹೋಗುವ ಅಂಚು, ಹುಡಿಯನ್ನು ಈ ಲೆಕ್ಕ ಸ್ವಲ್ಪ ಮಟ್ಟಿಗೆ ಮೊದಲೇ ಕಳೆದಿರುತ್ತದೆ. ಹಾಗೆಂದು ಅಷ್ಟೂ ಹಲಗೆಯಾಗಿ ಬರುವುದಿಲ್ಲ. ಹಲಸಿನಲ್ಲಿ ತೊಗಟೆಯ ಒಳಗಿನ ಬಿಳಿ ಭಾಗವೂ ಹೋಗುವುದರಿಂದ ಅರ್ಧಕ್ಕಿಂತ ತುಸು ಹೆಚ್ಚು ಸಿಕ್ಕರೆ ಲಾಭವೇ.

ಕಡಿಯುವ ಕೆಲಸ ಗೊತ್ತಿದ್ದವರಿಗೇ ಕೊಡಿ, ಆದರೆ ಪಕ್ಕದಲ್ಲಿ ನಿಂತು ನೋಡಲು ನಿಮಗೆ ಇಷ್ಟು ಗೊತ್ತಿರಲಿ. ಮರಕ್ಕೆ ಕೊಡಲಿಯ ಹಿಂಬದಿಯಿಂದ ಬಡಿದರೆ ಡೊಳ್ಳು ಶಬ್ದ ಬರುವಲ್ಲಿ ಒಳಗೆ ಪೊಟ್ಟರೆ ಇರುತ್ತದೆ. ಹಳೆಯ ಹಲಸಿನಲ್ಲಿ ಇದು ಸಾಮಾನ್ಯ. ಅಂಥ ಮರ ನಂಬಿದ ಕಡೆಗೆ ಬೀಳುವುದಿಲ್ಲ. ಹಿತ್ತಲೆಂದ ಮೇಲೆ ಮನೆ, ಕೊಟ್ಟಿಗೆ, ಅಡಿಕೆ ಮರ ಎಲ್ಲ ಹತ್ತಿರವೇ ಇರುತ್ತವೆ, ಹಾಗಾಗಿ ಮೊದಲು ಕೊಂಬೆಗಳನ್ನು ಹತ್ತಿ ಕಡಿದು ಹಗ್ಗದಲ್ಲಿ ಇಳಿಸಬೇಕು. ವಿದ್ಯುತ್ ತಂತಿ ಹತ್ತಿರವಿದ್ದರೆ ಲೈನ್‌ಮನ್ ಬಂದು ಲೈನ್ ತೆಗೆಯುವವರೆಗೆ ಕತ್ತಿಯನ್ನೂ ಹಚ್ಚಬೇಡಿ.

ಬುಡದಲ್ಲಿ, ಬೀಳಬೇಕಾದ ಕಡೆಗೆ, ಮರದ ಅಡ್ಡಳತೆಯ ಕಾಲು ಭಾಗದಷ್ಟು ಆಳಕ್ಕೆ ಬಾಯಿ ತೆಗೆಯುತ್ತಾರೆ. ಹಿಂದಿನ ಕೊಯ್ತ ಆ ಬಾಯಿಯ ತಳಕ್ಕಿಂತ ಒಂದೆರಡು ಇಂಚು ಮೇಲೆ ಬರಬೇಕು. ಎರಡರ ನಡುವೆ ಅಡ್ಡಳತೆಯ ಹತ್ತರಲ್ಲೊಂದು ಭಾಗದಷ್ಟು ಮರವನ್ನು ಕೊಯ್ಯದೆ ಬಿಡಬೇಕು. ಎರಡಡಿ ಅಡ್ಡಳತೆಯ ಮರಕ್ಕೆ ಸುಮಾರು ಎರಡೂವರೆ ಇಂಚು. ಬಾಗಿಲಿಗೆ ಬಿಜಾಗರಿ ಇದ್ದಂತೆ ಮರಕ್ಕೆ ಈ ಪಟ್ಟಿ. ಅವಸರದಲ್ಲಿ ಇದನ್ನೂ ಕೊಯ್ದುಬಿಟ್ಟರೆ ಮರ ಬುಡದ ಮೇಲೆ ತಿರುಗಿ ಎತ್ತ ಬೇಕಾದರೂ ಬೀಳುತ್ತದೆ. ಒಂದು ಕಡೆಗೆ ಬಲವಾಗಿ ವಾಲಿದ ಮರದ ಬುಡ ನಡುವೆ ಸೀಳಿ ಹಿಂದಕ್ಕೆ ಒದೆಯುತ್ತದೆ. ಅಲ್ಲಿ ಜೀವಕ್ಕೇ ಅಪಾಯ. ಕೊಯ್ತ ಗರಗಸವನ್ನು ಹಿಡಿದುಕೊಳ್ಳದಂತೆ ಹಿಂದೆ ಬೆಣೆ ಬಡಿಯುತ್ತಾ ಹೋಗಬೇಕು. ತಪ್ಪಿಸಿಕೊಳ್ಳುವ ದಾರಿ ಹಿಂದಕ್ಕೆ ಓರೆಯಾಗಿ ಎರಡು ಕಡೆ ಮೊದಲೇ ಸವರಿರಬೇಕು. ಮರದ ಎತ್ತರದ ಎರಡರಷ್ಟು ದೂರದೊಳಗೆ ದನ, ಮಕ್ಕಳು ಇರಬಾರದು. ಪಂಚೆ ಉಟ್ಟವರ ಕೈಗೆ ಚೈನ್ ಸಾ ಕೊಡಬೇಡಿ. ಹಲಸಿನ ಮೇಣ ಚೈನಿಗೆ ಅಂಟಿ ಬಿಗಿಯುತ್ತದೆ, ನಡುನಡುವೆ ಸೀಮೆಎಣ್ಣೆಯಿಂದ ಒರೆಸಬೇಕು.

ಬಿದ್ದ ದಿನವೇ ತುಂಡು ಹಾಕಿಸಿ, ಅಂದೇ ಸಂಜೆಯೊಳಗೆ ಎರಡೂ ತುದಿಗೆ ಬಣ್ಣ ಬಳಿಯಿರಿ. ಮನೆಯಲ್ಲಿ ಉಳಿದ ಎನಾಮೆಲ್ ಪೇಂಟ್ ಎರಡು ಕೈ ಸಾಕು, ಕರಗಿಸಿದ ಮೇಣದಬತ್ತಿಯೂ ಆಗುತ್ತದೆ. ಸಗಣಿ ಬಳಿಯುವುದು ಹಳೆಯ ರೂಢಿ, ಏನೂ ಇಲ್ಲದಿದ್ದರೆ ಅದೇ ಆಗಲಿ, ಆದರೆ ಒಣಗಿ ಉದುರುತ್ತದೆ. ಮರದೊಳಗಿನ ನೀರು ಮೈಯಿಂದ ಹೋಗುವುದಕ್ಕಿಂತ ತುದಿಯಿಂದ ಹತ್ತು ಪಟ್ಟು ಬೇಗ ಹೋಗುತ್ತದೆ. ತುದಿ ಒಣಗಿ ಕುಗ್ಗುತ್ತದೆ, ಒಳಭಾಗ ಇನ್ನೂ ಹಸಿಯಾಗಿ ಉಬ್ಬಿಕೊಂಡೇ ಇರುತ್ತದೆ, ಆಗ ತುದಿ ಸೀಳದೆ ಬೇರೆ ದಾರಿಯಿಲ್ಲ. ನಿಮ್ಮ ಪಕ್ಕದ ಮನೆಯವರು ಬಿಟ್ಟದ್ದು ಈ ಅರ್ಧ ಗಂಟೆಯ ಕೆಲಸವನ್ನೇ ಇರಬೇಕು. ದಿಮ್ಮಿಯನ್ನು ನೆಲಕ್ಕೆ ತಾಗಿಸದೆ ಅಡ್ಡ ಕೋಲಿನ ಮೇಲೆ, ನೆರಳಲ್ಲಿ ಇಡಿ. ಎರಡು ವಾರದೊಳಗೆ ಮಿಲ್ಲಿಗೆ ಹೋಗಲಿ.

ಮಿಲ್ಲಿಗೆ ಕಳಿಸುವ ಮುನ್ನ ಮೊಳೆ ಹುಡುಕಿ. ಬೇಲಿ ಪಕ್ಕದ ಮರವಾದರೆ ಹಳೆಯ ಮುಳ್ಳುತಂತಿ, ಬಟ್ಟೆ ಒಣಗಿಸಲು ಹೊಡೆದ ಮೊಳೆ ಒಳಗೆ ಹೂತುಹೋಗಿರುತ್ತದೆ. ಮೊಳೆ ಇದ್ದಲ್ಲಿ ಮರ ನೀಲಿ ಕಪ್ಪಗೆ ತಿರುಗಿರುತ್ತದೆ, ತುದಿ ನೋಡಿದರೆ ಗೊತ್ತಾಗುತ್ತದೆ. ಬ್ಲೇಡು ಹಾಳಾದರೆ ಅದರ ಹಣ ನಿಮ್ಮದೇ.

ಕೊಯ್ಯುವ ದಿನ ಮಿಲ್ಲಿನಲ್ಲಿ ನೀವಿರಬೇಕು, ಆಚಾರಿಯೂ ಇದ್ದರೆ ಇನ್ನೂ ಒಳ್ಳೆಯದು. ಬ್ಯಾಂಡ್ ಸಾದಲ್ಲಿ, ಅಂದರೆ ಮಿಲ್ಲಿನ ಪಟ್ಟಿ ಗರಗಸದಲ್ಲಿ, ಕೊಯ್ತಕ್ಕೊಂದು ಹುಡಿಯಾಗಿ ಹೋಗುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಆದರೆ ಬ್ಲೇಡು ಮೊಂಡಾಗಿದ್ದರೆ ಹಲಗೆ ಅಲೆಅಲೆಯಾಗಿ ಬರುತ್ತದೆ, ಅದನ್ನು ಸರಿಮಾಡಲು ಕಾಲು ಇಂಚು ಕೀಸಬೇಕಾಗುತ್ತದೆ. ಮೊದಲ ಹಲಗೆಯ ಎರಡು ತುದಿ ಮತ್ತು ನಡು ಅಳೆದು ನೋಡಿ. ವ್ಯತ್ಯಾಸ ಕಂಡರೆ ಅಲ್ಲೇ ಹೇಳಿ ಬ್ಲೇಡು ಬದಲಿಸಲು ಕೇಳಿ. ದಿಮ್ಮಿಯ ನಡುವಿನ ತಿರುಳು ಯಾವ ದಾರಂದದೊಳಗೂ ಉಳಿಯಬಾರದು, ಉಳಿದರೆ ಒಣಗುವಾಗ ಅಲ್ಲಿಂದಲೇ ಉದ್ದಕ್ಕೆ ಬಿರುಕು ಬಿಡುತ್ತದೆ. ತಿರುಳನ್ನು ನಡುವೆ ಸೀಳಿಸಿ ಅಥವಾ ಎರಡಿಂಚಿನ ಪಟ್ಟಿಯಾಗಿ ತೆಗೆಸಿ ಬೇರೆ ಇಡಿ. ಸಿಲ್ವರ್ ಓಕಿಗೆ ಇನ್ನೊಂದು ಎಚ್ಚರ ಬೇಕು. ಒಂದೇ ಬದಿಯಿಂದ ಕೊಯ್ಯುತ್ತಾ ಹೋದರೆ ಉಳಿದ ದಿಮ್ಮಿ ಬಿಲ್ಲಿನಂತೆ ಬಾಗುತ್ತದೆ. ಒಂದೆರಡು ಹಲಗೆ ತೆಗೆದು ತಿರುಗಿಸಿ, ಆ ಬದಿಯಿಂದ ಒಂದೆರಡು ತೆಗೆಯಬೇಕು.

ಇನ್ನು ಕುಟ್ಟೆ. ಹಲಸಿನ ಹಳದಿ ಕೆಚ್ಚಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಅದು ಸುಲಭವಾಗಿ ಹೋಗುವುದಿಲ್ಲ, ಗೆದ್ದಲೂ ಹಾಗೇ. ಹುಳಕ್ಕೆ ಬೇಕಾದದ್ದು ಹೊರಗಿನ ಬಿಳಿ ಭಾಗದಲ್ಲಿರುವ ಪಿಷ್ಟ. ದಾರಂದಕ್ಕೂ ಬಾಗಿಲಿಗೂ ಬಿಳಿ ಪೂರ್ತಿ ಬಿಡಿಸಿ. ಅಗಲ ಕಡಿಮೆಯಾಗುತ್ತದೆ ಎಂದು ಒಂದಿಂಚು ಬಿಳಿ ಉಳಿಸಿಕೊಂಡವರ ಮನೆಯಲ್ಲೇ ಬಾಗಿಲ ಕೆಳಗೆ ಹುಡಿ ಬೀಳುವುದು. ಬಿಳಿ ಇರುವ ಹಲಗೆಯನ್ನು ಕಪಾಟಿನ ಒಳಗೆ ಬಳಸುವುದಾದರೆ, ಸಿಲ್ವರ್ ಓಕ್ ಹಲಗೆಗೂ ಸೇರಿಸಿ, ಕೊಯ್ದ ದಿನ ಅಥವಾ ಮರುದಿನವೇ ಬಿಳಿಗಾರದ ನೀರು ಕೊಡಿ. 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬಿಳಿಗಾರ, ಅಂದರೆ ಬೋರಾಕ್ಸ್, ಮತ್ತು 400 ಗ್ರಾಂ ಬೋರಿಕ್ ಆಸಿಡ್ ಪುಡಿ. ಕೈಗವಸು ಹಾಕಿಕೊಂಡು ಹಲಗೆಯ ಎಲ್ಲ ಮೈಗೂ ಎರಡು ಸಲ ಧಾರಾಳವಾಗಿ ಬಳಿದು, ಒಂದರ ಮೇಲೊಂದು ಅಂಟಿಸಿ ಪೇರಿಸಿ, ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿ ಮೂರು ವಾರ ಬಿಡಿ. ಹಸಿ ಮರದ ನೀರಿನ ಮೂಲಕವೇ ಔಷಧ ಒಳಗೆ ಇಳಿಯುತ್ತದೆ, ಒಣಗಿದ ಮೇಲೆ ಬಳಿದರೆ ಮೇಲ್ಮೈಯಲ್ಲೇ ಉಳಿಯುತ್ತದೆ. ಮಳೆಗೆ ನೆನೆಯುವ ಜಾಗದ ಮರಕ್ಕೆ ಇದು ಪ್ರಯೋಜನವಿಲ್ಲ, ತೊಳೆದುಹೋಗುತ್ತದೆ. ಉಳಿದ ನೀರನ್ನು ಬಾವಿ ಹತ್ತಿರ ಚೆಲ್ಲಬೇಡಿ, ದನ ಬಾಯಿ ಹಾಕದಂತೆಯೂ ನೋಡಿಕೊಳ್ಳಿ.

ಅಟ್ಟಿ ಹಾಕಲು ನಾಲ್ಕೂ ಕಡೆ ಗಾಳಿಯಾಡುವ, ಮೇಲೆ ಚಾವಣಿ ಇರುವ ಜಾಗ ಬೇಕು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಜಂಬಿಟ್ಟಿಗೆ ಅಥವಾ ಸಿಮೆಂಟ್ ಇಟ್ಟಿಗೆ ಜೋಡಿಸಿ. ಅದರ ಮೇಲೆ ಎರಡಡಿಗೊಂದರಂತೆ ದಪ್ಪ ಅಡ್ಡತೊಲೆ ಇಟ್ಟು, ಎಲ್ಲ ಒಂದೇ ಮಟ್ಟದಲ್ಲಿವೆಯೇ ಎಂದು ದಾರ ಎಳೆದು ನೋಡಿ. ಇಲ್ಲಿ ಅರ್ಧ ಇಂಚು ಏರುಪೇರಾದರೂ ಹಲಗೆ ಅದೇ ಆಕಾರಕ್ಕೆ ಒಣಗಿ ಹಾಗೇ ನಿಲ್ಲುತ್ತದೆ. ಒಂದು ಸಾಲು ಹಲಗೆ, ನಡುವೆ ಬೆರಳಷ್ಟು ಸಂದು. ಅದರ ಮೇಲೆ ಒಂದಿಂಚು ದಪ್ಪದ ರೀಪಿನ ತುಂಡು ಅಡ್ಡ ಇಟ್ಟು, ಮತ್ತೆ ಹಲಗೆ. ರೀಪು ಎರಡಡಿಗೊಂದು ಬರಲಿ, ತೀರಾ ತುದಿಗೂ ಒಂದೊಂದು ಇರಲಿ. ಮುಖ್ಯವಾಗಿ ಕೆಳಗಿನಿಂದ ಮೇಲಿನವರೆಗೆ ಎಲ್ಲ ರೀಪು ಒಂದರ ನೇರಕ್ಕೆ ಒಂದು, ಕೆಳಗಿನ ತೊಲೆಯ ಮೇಲೇ ಬರಬೇಕು. ನೇರ ತಪ್ಪಿದಲ್ಲಿ ಮೇಲಿನ ಭಾರ ಹಲಗೆಯ ನಡುವೆ ಬಿದ್ದು ಸೊಟ್ಟವಾಗುತ್ತದೆ. ರೀಪು ಒಣಗಿದ್ದಾಗಿರಲಿ. ಹಸಿ ತುಂಡು ಇಟ್ಟರೆ ಅದು ತಾಗಿದಲ್ಲೆಲ್ಲ ಹಲಗೆಗೆ ಕಪ್ಪು ಪಟ್ಟೆ ಬೀಳುತ್ತದೆ, ಕೀಸಿದರೂ ಹೋಗುವುದಿಲ್ಲ. ದಪ್ಪ ದಾರಂದ ಕೆಳಗೆ, ತೆಳು ಹಲಗೆ ಮೇಲೆ. ಎಲ್ಲದರ ಮೇಲೆ ಮಿಲ್ಲಿನಿಂದ ತಂದ ಅಂಚಿನ ಸೀಳು ಹೊದೆಸಿ ಕಲ್ಲು ಹೇರಿ, ಇಲ್ಲವಾದರೆ ಮೇಲಿನ ಎರಡು ಸಾಲು ತಿರುಚಿಕೊಳ್ಳುತ್ತವೆ.

ಅಂಗಳದ ಬಿಸಿಲಲ್ಲಿ ಅಡಿಕೆಯಂತೆ ಹರಡಿ ಒಣಗಿಸಬೇಡಿ. ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟಕ್ಕೂ ಹಸಿ ಹಲಗೆ ಏರಿಸಬೇಡಿ. ಹೊರಮೈ ಒಣಗಿ ಗಟ್ಟಿಯಾಗುತ್ತದೆ, ಒಳಗೆ ನೀರು ಸಿಕ್ಕಿಬೀಳುತ್ತದೆ, ಕೊನೆಗೆ ಮೈತುಂಬ ಕೂದಲೆಳೆ ಬಿರುಕು. ಹಾಗೆಯೇ ಒಣಗಿಸಲು ಇಟ್ಟ ಅಟ್ಟಿಗೆ ಟಾರ್ಪಾಲು ಸುತ್ತಬೇಡಿ, ಗಾಳಿ ನಿಂತರೆ ಬೂಸು. ಜೂನ್ ಮೊದಲ ವಾರದೊಳಗೆ ಇರಿಚಲು ಬಡಿಯುವ ಬದಿಗೆ ಸೋಗೆ ಅಥವಾ ತಗಡು ಕಟ್ಟಿ, ಉಳಿದ ಬದಿ ಹಾಗೇ ಇರಲಿ.

ಒಂದೂಕಾಲು ಇಂಚಿನ ಹಲಸಿನ ಹಲಗೆಗೆ ಬೇಸಿಗೆಯ ನಾಲ್ಕು ತಿಂಗಳು ಬಹುಮಟ್ಟಿಗೆ ಸಾಕು. ಮೂರಿಂಚಿನ ದಾರಂದಕ್ಕೆ ಮಳೆಗಾಲ ದಾಟಿ ಮುಂದಿನ ಬೇಸಿಗೆಯವರೆಗೆ ಕಾಯಿರಿ. ದಿನದ ಲೆಕ್ಕಕ್ಕಿಂತ ತೂಕದ ಲೆಕ್ಕ ನಂಬಿಕೆಯದು. ಅಟ್ಟಿಯ ನಡುವೆ ಒಂದು ಚಿಕ್ಕ ತುಂಡನ್ನು, ತುದಿಗೆ ಬಣ್ಣ ಬಳಿದು, ತೆಗೆಯಲು ಬರುವಂತೆ ಇಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. ಮಳೆಯಿಲ್ಲದ ದಿನಗಳಲ್ಲಿ ಮೂರು ವಾರ ತೂಕ ಇಳಿಯದಿದ್ದರೆ ಗಾಳಿಯಲ್ಲಿ ಒಣಗುವಷ್ಟು ಒಣಗಿದೆ. ಇನ್ನೂ ಖಚಿತ ಬೇಕಿದ್ದರೆ ಹಲಗೆಯ ತುದಿಯಿಂದ ಒಂದಡಿ ಒಳಗೆ ಒಂದು ತೆಳು ಚೂರು ಕೊಯ್ದು ತೂಗಿ, 100 ಡಿಗ್ರಿ ಬಿಸಿಯ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ಮೊದಲು 230 ಗ್ರಾಂ, ಕೊನೆಗೆ 200 ಗ್ರಾಂ ಬಂದರೆ 30 ಗ್ರಾಂ ನೀರು, ಅಂದರೆ ಶೇ 15. ನಿಮ್ಮ ಕಡೆಯ ಹವೆಗೆ ಬಾಗಿಲು ಮಾಡಲು ಅದು ಸರಿಯಾದ ಮಟ್ಟ. ಶೇ 20 ದಾಟಿದ್ದರೆ ಆಚಾರಿ ಎಷ್ಟೇ ಅವಸರ ಮಾಡಿದರೂ ಮುಟ್ಟಗೊಡಬೇಡಿ. ಮಾರ್ಚ್ ತಿಂಗಳಲ್ಲಿ ಬಾಗಿಲ ಸಂದಿನಿಂದ ಬೆಳಕು ಕಾಣುವುದು ಅಂಥ ಮರದಲ್ಲೇ.

ಕೊಂಬೆಗಳ ಸೌದೆಯ ಬಗ್ಗೆಯೂ ಕೇಳಿದ್ದಿರಿ. ಒಲೆಗೆ ಒಂದೂವರೆ ಅಡಿ ತುಂಡು, ತೊಡೆಗಿಂತ ದಪ್ಪದ್ದನ್ನು ಹಸಿಯಿರುವಾಗಲೇ ಸೀಳಿಸಿ, ಒಣಗಿದ ಹಲಸು ಕೊಡಲಿಗೆ ಬಗ್ಗುವುದಿಲ್ಲ. ಸೌದೆ ಕೊಟ್ಟಿಗೆಯಲ್ಲಿ ಹೊಸದನ್ನು ಹಳೆಯದರ ಮೇಲೆ ಹೇರದೆ ಬೇರೆ ಸಾಲು ಮಾಡಿ. ಆ ಸಾಲು ಮಾತ್ರ ಹಲಗೆ ಅಟ್ಟಿಯ ಪಕ್ಕ ಬೇಡ. ತೊಗಟೆ, ಬಿಳಿ ಎರಡೂ ಇರುವ ಸೌದೆಯಲ್ಲೇ ಕುಟ್ಟೆ ಮೊದಲು ಮನೆ ಮಾಡುವುದು, ಅಲ್ಲಿಂದ ಹಲಗೆಗೆ ಬರಲು ಅದಕ್ಕೆ ದೂರವೇನೂ ಇಲ್ಲ.